‘ಕಾನ್ವೆಂಟ್ ಸೇರಿದಳು’ ಅಂದರೆ ಶಾಲೆಗಾ, ಮಠಕ್ಕಾ?

ಎಲ್ಲರಿಗೂ ನಮಸ್ಕಾರ.

ಒಂದು ಸಣ್ಣ ವಾಕ್ಯದಲ್ಲಿ ಸಿಕ್ಕಿಕೊಂಡಿದ್ದೇನೆ, ಬಿಡಿಸಿಕೊಡಿ. ಪತ್ರ ಉದ್ದವಾಗಿದೆ, ಮೊದಲೇ ಕ್ಷಮೆ ಕೇಳಿಬಿಡುತ್ತೇನೆ.

ಕ್ರೈಸ್ತ ಸನ್ಯಾಸಿನಿಯರ ಕಿರುಪರಿಚಯಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. (‘ಸನ್ಯಾಸಿನಿ’ ಪದವನ್ನು ಸದ್ಯಕ್ಕೆ ಕೈಗಡ ತಂದಿದ್ದೇನೆ ಅಂದುಕೊಳ್ಳಿ. ತಕರಾರು ಇರುವುದೇ ಅದರ ಮೇಲೆ.) ಫ್ರಾನ್ಸಿನ ಲಿಸ್ಯೂ ಊರಿನ ತೆರೇಸಾ ಬಗ್ಗೆ ಬರೆಯುವಾಗ ಹೀಗೊಂದು ಸಾಲು ಬಂತು: “15ನೇ ವಯಸ್ಸಿಗೆ ತೆರೇಸಾ ಕಾನ್ವೆಂಟ್ ಸೇರಿದಳು. ಅದಕ್ಕಾಗಿ ಪೋಪ್ 13ನೇ ಲಿಯೋ ಎದುರು ಮಂಡಿಯೂರಿ ಬೇಡಿಕೊಂಡಿದ್ದಳು.” ಕರಡು ಓದಿದ ಗೆಳತಿ ಅಂಚಿನಲ್ಲಿ ಬರೆದಳು: “ಇಷ್ಟು ತಡವಾಗಿ ಶಾಲೆಗೆ? ಅಡ್ಮಿಶನ್‌ಗೆ ಪೋಪ್ ಶಿಫಾರಸು ಬೇರೆ ಬೇಕಿತ್ತಾ?”

ನಕ್ಕೆ. ಆಮೇಲೆ ನಗು ನಿಂತಿತು. ತಪ್ಪು ಅವಳದ್ದಲ್ಲ ಅಲ್ವಾ? ಕನ್ನಡದಲ್ಲಿ ಕಾನ್ವೆಂಟ್ ಅಂದರೆ ಇಂಗ್ಲಿಷ್ ಮೀಡಿಯಂ ಶಾಲೆ. ಅಲ್ಲಿ ಒಬ್ಬ ಸಿಸ್ಟರೂ ಇರಬೇಕಿಲ್ಲ, ಶಿಲುಬೆಯೂ ಇರಬೇಕಿಲ್ಲ. ದೇವರ ಹೆಸರು ಹಿಂದೂಗಳದ್ದೇ ಇದ್ದು ಅದರ ಮುಂದೆ ‘ಕಾನ್ವೆಂಟ್’ ಅಂತ ಬೋರ್ಡು ಹಾಕಿದರೂ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. “ಮಗು ಕಾನ್ವೆಂಟಿಗೆ ಹೋಗ್ತದೆ” ಅಂದಾಗ ಅದು ಸನ್ಯಾಸ ತೆಗೆದುಕೊಂಡಿತು ಅಂತ ಯಾರೂ ಅಳುವುದಿಲ್ಲ.

ಇದರಲ್ಲಿ ಇನ್ನೊಂದು ತಮಾಷೆ ಇದೆ. ಇದೇ ತೆರೇಸಾ ನಿಜವಾಗಿಯೂ ಎರಡು ಸಲ ‘ಕಾನ್ವೆಂಟ್ ಸೇರಿದಳು’. 1881ರಲ್ಲಿ, ಎಂಟೂವರೆ ವರ್ಷದವಳಿದ್ದಾಗ, ಲಿಸ್ಯೂವಿನ ಬೆನೆಡಿಕ್ಟಿನ್ ಪಂಥದ ಸನ್ಯಾಸಿನಿಯರು ನಡೆಸುತ್ತಿದ್ದ ಶಾಲೆಗೆ. ಅದು ನಮ್ಮ ಅರ್ಥದ ಕಾನ್ವೆಂಟ್. 1888ರ ಏಪ್ರಿಲ್ 9ರಂದು ಅದೇ ಊರಿನ ಕಾರ್ಮೆಲ್ ಪಂಥದ ಮಠಕ್ಕೆ. ಅದು ಮೂಲ ಅರ್ಥದ್ದು. ಮೊದಲನೆಯದರಿಂದ ದಿನಾ ಸಂಜೆ ಮನೆಗೆ ಬರುತ್ತಿದ್ದಳು. ಎರಡನೆಯದರಿಂದ ಬರಲೇ ಇಲ್ಲ. 1897ರಲ್ಲಿ, 24ನೇ ವಯಸ್ಸಿಗೆ, ಕ್ಷಯದಿಂದ ಅಲ್ಲೇ ತೀರಿಕೊಂಡಳು. ಒಂದೇ ಪದ ಎರಡೂ ಕಡೆ ಹಾಕಿದರೆ ಓದುಗರ ಗತಿ ಏನು?

ಸರಿ, ‘ಮಠ’ ಅನ್ನೋಣ ಅಂದುಕೊಂಡೆ. ಮಲಯಾಳದವರು ಸಂಕೋಚವೇ ಇಲ್ಲದೆ ಮಠ ಅನ್ನುತ್ತಾರೆ. ಅಲ್ಲಿ ಕನ್ಯಾಸ್ತ್ರೀಯರು ಇರುವ ಜಾಗ ಮಠವೇ. ನಮ್ಮಲ್ಲಿ ಮಠ ಅಂದ ತಕ್ಷಣ ಗದ್ದುಗೆ, ಸ್ವಾಮೀಜಿ, ದಾಸೋಹ, ಪಲ್ಲಕ್ಕಿ ಎಲ್ಲ ಒಟ್ಟಿಗೆ ಕಣ್ಣಮುಂದೆ ಬರುತ್ತವೆ. ಹೆಂಗಸರೇ ಇರುವ, ಹೆಂಗಸರೇ ಆಳುವ ಮನೆ ಥಟ್ಟನೆ ಹೊಳೆಯುವುದಿಲ್ಲ. ಅದಕ್ಕೇ ‘ಕನ್ಯಾಮಠ’ ಅಂತ ಬರೆದು ನೋಡಿದೆ. ಪರವಾಗಿಲ್ಲ, ಆದರೆ ‘ಕನ್ಯಾ’ ಬಗ್ಗೆ ನನ್ನದೊಂದು ಜಗಳ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಈ ಹುಡುಕಾಟದಲ್ಲಿ ನನಗೆ ಖುಷಿ ಕೊಟ್ಟ ವಿಷಯವೊಂದನ್ನು ಹೇಳಲೇಬೇಕು. ನಮ್ಮ ಹಳೆಯ ಹಳ್ಳಿ ಶಾಲೆಗೆ ಏನಂತಿದ್ದರು? ಕೂಲಿಮಠ! ಐಗಳ ಮಠ ಅಂತಲೂ ಕರೆಯುತ್ತಿದ್ದರು. ಅಂದರೆ ನಮ್ಮ ‘ಮಠ’ವೂ ಒಮ್ಮೆ ಶಾಲೆಯಾಗಿ ತಿರುಗಿತ್ತು, ಅವರ ‘ಕಾನ್ವೆಂಟ್’ ಕೂಡ ನಮ್ಮ ಬಾಯಲ್ಲಿ ಶಾಲೆಯಾಗಿ ತಿರುಗಿತು. ವಿರಕ್ತರು ಇರುವ ಕಡೆ ಅಕ್ಷರ ಇರುತ್ತದೆ, ಅಕ್ಷರ ಇರುವ ಕಡೆಗೆ ಮಕ್ಕಳನ್ನು ಕಳಿಸುತ್ತಾರೆ, ಕೊನೆಗೆ ವಿರಕ್ತರು ಹೋಗಿ ಪದದಲ್ಲಿ ಮಕ್ಕಳಷ್ಟೇ ಉಳಿಯುತ್ತಾರೆ. ಎರಡು ಬೇರೆ ಬೇರೆ ಪದ, ಒಂದೇ ದಾರಿ.

‘ಕಾನ್ವೆಂಟ್’ನ ಮೂಲದಲ್ಲಿ ಹೆಣ್ಣೂ ಇಲ್ಲ, ಶಾಲೆಯೂ ಇಲ್ಲ. ಲ್ಯಾಟಿನ್ನಿನ ‘ಕಾನ್ವೆಂಟುಸ್’ ಅಂದರೆ ಒಟ್ಟಿಗೆ ಬರುವುದು, ಕೂಟ. ಗಂಡಸರ ಮನೆಗೂ ಆ ಪದವೇ ಇತ್ತು. ಲಂಡನ್ನಿನ ಕೋವೆಂಟ್ ಗಾರ್ಡನ್ ಕೇಳಿದ್ದೀರಲ್ಲ, ಅದು ‘ಕಾನ್ವೆಂಟ್ ಗಾರ್ಡನ್’. ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಎಂಬ ಮಠದ ಗಂಡು ಸನ್ಯಾಸಿಗಳ ತೋಟ ಅಲ್ಲಿತ್ತು. ಇಟಲಿಯಲ್ಲಿ ಫ್ರಾನ್ಸಿಸ್ಕನ್ ಪಂಥದ ಗಂಡಸರು ಇರುವ ಮನೆಗೆ ಈಗಲೂ ‘ಕೊನ್ವೆಂಟೊ’ ಅನ್ನುತ್ತಾರೆ. ಹಾಗಾಗಿ ಹಳೆಯ ಬರಹದಲ್ಲಿ ಕಾನ್ವೆಂಟ್ ಕಂಡ ಕೂಡಲೇ ‘ಕನ್ಯಾಮಠ’ ಅಂತ ಬರೆಯಬೇಡಿ. ನಾನು ಒಮ್ಮೆ ಹಾಗೆ ಮಾಡಿ, ಗಡ್ಡದ ಸಾಧುಗಳನ್ನೆಲ್ಲ ಕನ್ಯಾಮಠಕ್ಕೆ ನುಗ್ಗಿಸಿದ್ದೆ.

ಈಗ ಒಳಗೆ ಇರುವವರ ಹೆಸರಿಗೆ ಬರುತ್ತೇನೆ. ನನ್ನ ಮುಂದೆ ಇರುವವು ಮೂರು: ಸನ್ಯಾಸಿನಿ, ಕನ್ಯಾಸ್ತ್ರೀ, ಧರ್ಮಭಗಿನಿ. ಮಾತಿನಲ್ಲಿ ಎಲ್ಲರೂ ‘ಸಿಸ್ಟರ್’ ಅನ್ನುತ್ತೇವೆ. ಆದರೆ ಆಸ್ಪತ್ರೆಯ ನರ್ಸನ್ನೂ ನಾವು ಸಿಸ್ಟರ್ ಅಂತಲೇ ಕರೆಯುವುದರಿಂದ ಬರಹದಲ್ಲಿ ಅದು ಕಾಲೆಳೆಯುತ್ತದೆ.

‘ಸನ್ಯಾಸಿನಿ’ ಮೇಲೆ ನನ್ನ ಆಕ್ಷೇಪ ಇದು. ನಮ್ಮ ಸನ್ಯಾಸಿ ಮನೆ ಬಿಟ್ಟು ಹೊರಡುವವನು. ಪರಿವ್ರಾಜಕ, ಅಂದರೆ ಸುತ್ತುತ್ತಲೇ ಇರುವವನು. ಒಂದೇ ಊರಲ್ಲಿ ಜಾಸ್ತಿ ದಿನ ನಿಲ್ಲಬಾರದು. ಅಲ್ಲಿನ ಕಥೆ ಪೂರ್ತಿ ಉಲ್ಟಾ. ಆಕೆ ಒಂದು ಮನೆಯೊಳಗೆ ಹೋಗುತ್ತಾಳೆ, ಬಾಗಿಲು ಮುಚ್ಚುತ್ತದೆ. ಸಂತ ಬೆನೆಡಿಕ್ಟನ ಪದ್ಧತಿಯವರು ಕೊಡುವ ಮಾತುಗಳಲ್ಲಿ ‘ಈ ಮನೆ ಬಿಟ್ಟು ಹೋಗುವುದಿಲ್ಲ’ ಅನ್ನುವುದೂ ಒಂದು. 1298ರಲ್ಲಿ ಪೋಪ್ 8ನೇ ಬೊನಿಫೇಸ್ ಎಲ್ಲ ಸನ್ಯಾಸಿನಿಯರೂ ಮಠದ ಗೋಡೆಯೊಳಗೇ ಇರಬೇಕು ಅಂತ ಕಟ್ಟಪ್ಪಣೆ ಮಾಡಿದರು. 1563ರಲ್ಲಿ ಟ್ರೆಂಟ್ ಊರಿನಲ್ಲಿ ಸೇರಿದ್ದ ಚರ್ಚಿನ ಮಹಾಸಭೆ ಅದನ್ನೇ ಮತ್ತೆ ಬಿಗಿ ಮಾಡಿತು. ಈ ಮುಚ್ಚಿದ ಬದುಕಿಗೆ ಲ್ಯಾಟಿನ್ನಿನಲ್ಲಿ ‘ಕ್ಲೌಸುರಾ’ ಅನ್ನುತ್ತಾರೆ. ಕನ್ನಡದಲ್ಲಿ ಏನನ್ನಲಿ? ‘ಆವರಣ’ ಅಂದರೆ ಕಾಂಪೌಂಡ್ ಆಗುತ್ತದೆ. ‘ಬಂಧನ’ ಅಂದರೆ ಜೈಲು. ‘ಒಳವಾಸ’ ಅಂತ ಒಂದು ಕಟ್ಟಿಕೊಂಡಿದ್ದೇನೆ. ಬೈಯುವ ಮೊದಲು ಎರಡು ಸಲ ಬಾಯಲ್ಲಿ ಹೇಳಿ ನೋಡಿ.

ಗೋಡೆಯ ನಿಯಮಕ್ಕೂ ಕಿಂಡಿ ಇತ್ತು ಅನ್ನುವುದು ಬೇರೆ ಮಾತು. ಹೊಸ ಮಠ ಕಟ್ಟಲು ಪ್ರಯಾಣ ಮಾಡಬಹುದಿತ್ತು. ಸ್ಪೇನಿನ ಆವಿಲಾದ ಇನ್ನೊಬ್ಬ ತೆರೇಸಾ 1562ರಲ್ಲಿ ತನ್ನೂರಿನಲ್ಲೇ ಸಾನ್ ಹೊಸೆ ಅನ್ನುವ ಪುಟ್ಟ ಮಠ ಶುರು ಮಾಡಿದವಳು, ಆಮೇಲೆ ಸ್ಪೇನ್ ತುಂಬ ಗಾಡಿಯಲ್ಲಿ ಸುತ್ತಿ ಒಟ್ಟು 17 ಮಠಗಳನ್ನು ಕಟ್ಟಿದಳು. ಪೋಪ್ ಕಳಿಸಿದ್ದ ರಾಯಭಾರಿ ಸಿಟ್ಟಿಗೆದ್ದು ಆಕೆಯನ್ನು ಕಾಲಲ್ಲಿ ಚಕ್ರ ಕಟ್ಟಿಕೊಂಡು ಅಲೆಯುವ ಹೆಂಗಸು ಅನ್ನೋ ಅರ್ಥದಲ್ಲಿ ಬೈದಿದ್ದ. ನಮ್ಮ ಕಣ್ಣಿಗೆ ಆಗ ಮಾತ್ರ ಆಕೆ ಸರಿಯಾದ ಸನ್ಯಾಸಿನಿ! ಗಲಿಲಾಯದಲ್ಲಿ 1846ರಲ್ಲಿ ಹುಟ್ಟಿದ ಮರಿಯಂ ಬವಾರ್ದಿ ಎಂಬಾಕೆಯೂ ಹೀಗೆ. ಫ್ರಾನ್ಸಿನ ಕಾರ್ಮೆಲ್ ಮಠದಿಂದ ಹಡಗು ಹತ್ತಿ 1870ರಲ್ಲಿ ಮಂಗಳೂರಿಗೆ ಬಂದ ತಂಡದಲ್ಲಿದ್ದಳು. ಅಲ್ಲಿನ ಹೊಸ ಮಠದಲ್ಲೇ 1871ರ ನವೆಂಬರ್ 21ರಂದು ವ್ರತ (ಮಠದ ಬದುಕಿನ ಪ್ರತಿಜ್ಞೆ) ತೆಗೆದುಕೊಂಡಳು. ಮುಂದೆ ಬೆತ್ಲೆಹೇಮಿನಲ್ಲಿ ಮಠ ಕಟ್ಟಿಸಿ 1878ರಲ್ಲಿ ತೀರಿಕೊಂಡಳು. 2015ರಲ್ಲಿ ಸಂತಳೆಂದು ಘೋಷಣೆಯಾಯಿತು. ಒಳವಾಸದ ಹೆಂಗಸು ಮೂರು ಖಂಡ ನೋಡಿದ್ದಳು.

ಇನ್ನು ‘ಕನ್ಯಾಸ್ತ್ರೀ’. ಮಲಯಾಳ, ತಮಿಳು ಎರಡರಲ್ಲೂ ಬಳಕೆಯಲ್ಲಿದೆ, ನಮ್ಮ ಕಥೊಲಿಕರ ಬರಹದಲ್ಲೂ ಇದೆ. ಕೇಳಲು ಚೆನ್ನಾಗಿದೆ. ಆದರೆ ನನ್ನ ಪಟ್ಟಿಯಲ್ಲಿ ಮರೀ ಗುಯಾರ್ ಇದ್ದಾಳೆ. ಫ್ರಾನ್ಸಿನ ತೂರ್ ಊರಿನವಳು, 1599ರಲ್ಲಿ ಹುಟ್ಟಿದವಳು. ಮದುವೆಯಾಗಿ, ಮಗ ಹುಟ್ಟಿ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡಳು. 1631ರಲ್ಲಿ ಅರ್ಸುಲಿನ್ ಪಂಥದ ಮಠ ಸೇರಿದಳು. ಮಗ ಕ್ಲೋದ್ ಆಗ ಇನ್ನೂ 11ರ ಹುಡುಗ. ಮಠದ ಬಾಗಿಲಿಗೆ ಬಂದು ಅಮ್ಮನನ್ನು ವಾಪಸ್ ಕೊಡಿ ಅಂತ ಅತ್ತ ಕಥೆ ಇದೆ. ಓದಿದರೆ ಹೊಟ್ಟೆ ತೊಳಸುತ್ತದೆ. ಇಂಥವಳ ಬಗ್ಗೆ “ಮರೀ ಎಂಬ ಕನ್ಯಾಸ್ತ್ರೀಗೆ ಒಬ್ಬ ಮಗನಿದ್ದ” ಅಂತ ಬರೆದರೆ ಏನಾಗುತ್ತದೆ ಹೇಳಿ. ಜೇನ್ ದ ಶಾಂತಾಲ್ ಕೂಡ ಮಕ್ಕಳಿದ್ದ ವಿಧವೆಯೇ, ಲೂಯಿಸ್ ದ ಮರಿಯಾಕ್ ಕೂಡ.

ಮರೀ ಗುಯಾರ್ ಪದದ ಹುಚ್ಚಿರುವ ಈ ಗುಂಪಿನವರಿಗೆಲ್ಲ ಇಷ್ಟವಾಗಬೇಕಾದ ಹೆಂಗಸು, ಇನ್ನೆರಡು ಸಾಲು ಹೇಳಿಬಿಡುತ್ತೇನೆ. 1639ರಲ್ಲಿ ಆಕೆ ಕೆನಡಾದ ಕ್ವಿಬೆಕ್‌ಗೆ ಹೋದಳು. ಅಲ್ಲಿನ ಮೂಲನಿವಾಸಿಗಳ ಭಾಷೆಗಳನ್ನು 40 ದಾಟಿದ ಮೇಲೆ ಕಲಿತು, ಅಲ್ಗೊಂಕಿನ್ ಮತ್ತು ಇರಾಕ್ವಾ ಭಾಷೆಗಳಿಗೆ ನಿಘಂಟು ಮಾಡಿದಳು. ಅತ್ತ ಮಗ ಬೆಳೆದು ತಾನೂ ಬೆನೆಡಿಕ್ಟಿನ್ ಸನ್ಯಾಸಿಯಾದ. ತಾಯಿ ಮಗ ಸಮುದ್ರದ ಆಚೆ ಈಚೆ ಕೂತು ವರ್ಷಾನುಗಟ್ಟಲೆ ಪತ್ರ ಬರೆದುಕೊಂಡರು. ಮತ್ತೆ ಒಬ್ಬರನ್ನೊಬ್ಬರು ನೋಡಲಿಲ್ಲ.

ಮೂರನೆಯದು ‘ಧರ್ಮಭಗಿನಿ’. ಪತ್ರಿಕೆಗಳಲ್ಲಿ ಹೆಚ್ಚು ಕಾಣುವುದು ಇದೇ. ಸ್ವಲ್ಪ ಸಂಸ್ಕೃತದ ಗಂಜಿ ಹಾಕಿ ಇಸ್ತ್ರಿ ಮಾಡಿದಂತಿದೆ, ಆದರೂ ನನಗೆ ಒಪ್ಪಿಗೆ. ಒಪ್ಪಿಗೆ ಯಾಕೆ ಅಂದರೆ, ಇವರಲ್ಲಿ ನಿಜವಾಗಿಯೂ ಎರಡು ಜಾತಿ ಇದೆ, ಅದಕ್ಕೆ ನಮಗೆ ಎರಡು ಪದ ಬೇಕೇ ಬೇಕು. ಗೋಡೆಯೊಳಗೆ ಪ್ರಾರ್ಥನೆಯಲ್ಲಿ ಇರುವವರು ಒಂದು. ಆಸ್ಪತ್ರೆ, ಶಾಲೆ, ಅನಾಥಾಲಯ ಅಂತ ಹೊರಗೆ ದುಡಿಯುವವರು ಇನ್ನೊಂದು. ಇಂಗ್ಲಿಷಿನಲ್ಲಿ ಮೊದಲನೆಯವರು ನನ್, ಎರಡನೆಯವರು ಸಿಸ್ಟರ್. ಮಾತಿನಲ್ಲಿ ಅವರೂ ಕಲಸುತ್ತಾರೆ, ಆದರೆ ಚರ್ಚಿನ ಕಾನೂನು ಕಲಸುವುದಿಲ್ಲ.

ಈ ವ್ಯತ್ಯಾಸ ಬರೀ ಪದದ್ದು ಅಂದುಕೊಳ್ಳಬೇಡಿ, ಅದಕ್ಕಾಗಿ ಜನ ಕಷ್ಟ ಪಟ್ಟಿದ್ದಾರೆ. ಈಗ ಹೇಳಿದ ಜೇನ್ ದ ಶಾಂತಾಲ್ 1610ರಲ್ಲಿ ಆನಸಿ ಊರಿನಲ್ಲಿ ಒಂದು ಸಭೆ, ಅಂದರೆ ಸೋದರಿಯರ ಸಂಘ, ಕಟ್ಟಿದಳು. ಯೇಸುವಿನ ತಾಯಿ ಮರಿಯಮ್ಮ ತನ್ನ ನೆಂಟಳು ಎಲಿಜಬೆತ್‌ಳನ್ನು ನೋಡಲು ಹೋದ ನೆನಪಿಗೆ ‘ಭೇಟಿ’ ಅಂತಲೇ ಅದಕ್ಕೆ ಹೆಸರು. ಮೊದಮೊದಲು ಆ ಸೋದರಿಯರು ರೋಗಿಗಳ ಮನೆಗೆ ಹೋಗಿ ಬರುತ್ತಿದ್ದರು. ಚರ್ಚಿನ ಮೇಲಿನವರು ಒಪ್ಪಲಿಲ್ಲ. 1618ರಲ್ಲಿ ಅದೂ ಒಳವಾಸದ ಮಠವಾಯಿತು. ಹೆಸರು ಭೇಟಿ, ಭೇಟಿಗೆ ಹೊರಡುವ ಹಾಗಿಲ್ಲ! ಇಂಗ್ಲೆಂಡಿನ ಮೇರಿ ವಾರ್ಡ್ ಗೋಡೆಯೇ ಬೇಡ ಅಂತ ಹಟ ಹಿಡಿದಳು. ಆಕೆಯ ಸಂಸ್ಥೆಯನ್ನು 1631ರಲ್ಲಿ ಪೋಪ್ 8ನೇ ಅರ್ಬನ್ ಮುಚ್ಚಿಸಿದರು.

ಇದನ್ನೆಲ್ಲ ನೋಡಿದ್ದ ಫ್ರಾನ್ಸಿನ ಪಾದ್ರಿ ವಿನ್ಸೆಂಟ್ ದ ಪಾಲ್ ಜಾಣ. 1633ರಲ್ಲಿ ಲೂಯಿಸ್ ದ ಮರಿಯಾಕ್ ಜೊತೆ ಸೇರಿ ಹಳ್ಳಿ ಹುಡುಗಿಯರ ಗುಂಪು ಕಟ್ಟಿದಾಗ ಅವರಿಗೆ ‘ಹೆಣ್ಣುಮಕ್ಕಳು’ ಅಂತ ಸಾದಾ ಹೆಸರಿಟ್ಟ, ದಯೆಯ ಹೆಣ್ಣುಮಕ್ಕಳು ಅಂತ. ನಿಮ್ಮನ್ನು ಯಾರಾದರೂ ಸನ್ಯಾಸಿನಿಯರಾ ಅಂತ ಕೇಳಿದರೆ ಅಲ್ಲ ಅನ್ನಿ, ಸನ್ಯಾಸಿನಿ ಅಂದರೆ ಗೋಡೆ ಅಂತ ಅರ್ಥ, ನೀವು ಎಲ್ಲ ಕಡೆ ಹೋಗಬೇಕಾದವರು, ಅಂತ ಅವರಿಗೆ ಹೇಳಿಕೊಟ್ಟ. ಅವರ ಮಠ ರೋಗಿಗಳ ಮನೆ, ಅವರ ಪ್ರಾಂಗಣ ಊರಿನ ಬೀದಿ. ವ್ರತವೂ ಒಂದೊಂದು ವರ್ಷಕ್ಕೆ, ವರ್ಷ ವರ್ಷ ಹೊಸದು. ಒಂದು ಪದ ತಪ್ಪಿಸಿಕೊಂಡದ್ದರಿಂದ ಒಂದು ಸಂಸ್ಥೆ ಉಳಿಯಿತು. ಇಂಥ ಗುಂಪುಗಳನ್ನು ಚರ್ಚು ಪೂರ್ತಿಯಾಗಿ ಧಾರ್ಮಿಕ ಬದುಕು ಅಂತ ಒಪ್ಪಿಕೊಂಡದ್ದು 1900ರಲ್ಲಿ.

ಈಗ ನಾನು ಕನ್ನಡದಲ್ಲಿ ಲೂಯಿಸಳ ಹುಡುಗಿಯರನ್ನು ‘ಸನ್ಯಾಸಿನಿಯರು’ ಅಂತ ಬರೆದರೆ, ವಿನ್ಸೆಂಟ್ ಹೇಳಬೇಡಿ ಅಂದ ಪದವನ್ನೇ ಅವರ ಹಣೆಗೆ ಅಂಟಿಸಿದ ಹಾಗೆ. ಅದಕ್ಕೇ ನನ್ನ ಸದ್ಯದ ತೀರ್ಮಾನ: ಒಳವಾಸದವರಿಗೆ ಸನ್ಯಾಸಿನಿ, ಹೊರಗೆ ದುಡಿಯುವವರಿಗೆ ಧರ್ಮಭಗಿನಿ ಅಥವಾ ಸುಮ್ನೆ ಸೋದರಿ. ಕನ್ಯಾಸ್ತ್ರೀ ಪದವನ್ನು ಅದು ಆಡುವ ಬಾಯಿಗಳಿಗೇ ಬಿಡುತ್ತೇನೆ. ಇನ್ನೊಂದು ಎಚ್ಚರ. ಇಟಲಿಯ ಸಿಯೆನಾದ ಸಂತ ಕ್ಯಾಥರೀನ್ ಇವೆರಡೂ ಅಲ್ಲ. 1380ರಲ್ಲಿ, 33ನೇ ವಯಸ್ಸಿಗೆ ತೀರಿಕೊಂಡ ಆಕೆ ಡೊಮಿನಿಕನ್ ಪಂಥದವರ ಮೇಲಂಗಿ ಹೊದ್ದು ಸ್ವಂತ ಮನೆಯಲ್ಲೇ ಇದ್ದವಳು. ಆಕೆಯನ್ನು ‘ನನ್’ ಅಂತ ಇಂಗ್ಲಿಷಿನಲ್ಲೇ ಎಷ್ಟೋ ಜನ ತಪ್ಪಾಗಿ ಬರೆಯುತ್ತಾರೆ, ನಾವು ಅದನ್ನು ನಂಬಿ ಕನ್ನಡಕ್ಕೆ ಇಳಿಸುತ್ತೇವೆ.

ಈ ‘ನನ್’ ಪದದ ಬೇರು ನೋಡಿದಾಗ ಮಾತ್ರ ನಾನು ಕುರ್ಚಿಯಿಂದ ಎದ್ದೆ. ಲ್ಯಾಟಿನ್ನಿನ ‘ನೊನ್ನ’. ದೊಡ್ಡವರನ್ನು ಮರ್ಯಾದೆಯಿಂದ ಕರೆಯುವ ಮನೆಮಾತು. 4ನೇ ಶತಮಾನದ ಸಂತ ಜೆರೋಮನ ಪತ್ರದಲ್ಲೇ ಅದು ವಿರಕ್ತ ಹೆಂಗಸಿಗೆ ಬಂದಿದೆ. ಅದರ ಗಂಡುರೂಪ ‘ನೊನ್ನುಸ್’ ಬೆನೆಡಿಕ್ಟನ ನಿಯಮದಲ್ಲಿದೆ: ಕಿರಿಯರು ಹಿರಿಯರನ್ನು ನೊನ್ನುಸ್ ಅನ್ನಬೇಕು, ಹಿರಿಯರು ಕಿರಿಯರನ್ನು ತಮ್ಮ ಅನ್ನಬೇಕು. ಬರೀ ಹೆಸರು ಹಿಡಿದು ಕರೆಯಬಾರದು. ನಮ್ಮ ಮನೆಗಳ ನಿಯಮವೇ ಅಲ್ವಾ ಇದು! ಅದೇ ‘ನೊನ್ನ’ ಇವತ್ತಿನ ಇಟಾಲಿಯನ್ನಿನಲ್ಲಿ ಅಜ್ಜಿ.

ಕನ್ನಡಕ್ಕೆ ಬನ್ನಿ. ಜೈನ ಸನ್ಯಾಸಿನಿಗೆ ನಮ್ಮಲ್ಲಿ ಎರಡು ಹಳೆಯ ಪದ. ಒಂದು ಕಂತಿ. ಶ್ರವಣಬೆಳಗೊಳದ ಹಳೆಯ ಶಾಸನಗಳಲ್ಲಿ ‘ಗಂತಿಯರ್’ ಅಂತ ಬರುತ್ತದೆ. ಇನ್ನೊಂದು ಆರ್ಯಿಕೆಯ ತದ್ಭವ ಅಜ್ಜಿಕೆ. ನಮ್ಮ ಮನೆಯ ಅಜ್ಜಿಯೂ ಅದೇ ಬಳಗದವಳು. ರೋಮಿನವರು ಅಜ್ಜಿಯನ್ನು ಕರೆಯುವ ಪದವನ್ನು ಸನ್ಯಾಸಿನಿಗೆ ಕೊಟ್ಟರು. ನಮ್ಮಲ್ಲೂ ಅಜ್ಜಿ, ಅಜ್ಜಿಕೆ ಒಂದೇ ಬೇರಿನವು. ಯಾರೂ ಯಾರಿಂದಲೂ ಕಲಿತದ್ದಲ್ಲ.

ಹಾಗಂತ ಲಿಸ್ಯೂವಿನ 15ರ ಹುಡುಗಿಯನ್ನು ‘ಅಜ್ಜಿಕೆ’ ಅನ್ನಲು ಧೈರ್ಯವಿಲ್ಲ. ಪದ ಜೈನರದ್ದು, ಅವರ ಹತ್ತಿರವೇ ಇರಲಿ. ಆದರೆ ಮನಸ್ಸು ತಡೆಯುವುದಿಲ್ಲ.

ಇಷ್ಟು ಹೊತ್ತಿಗೆ ಯಾರಾದರೂ ಅಬ್ಬೆಸ್ (ಮಠದ ಹಿರಿಯಳು) ಪದ ತೆಗೆದು, ನೋಡಿ ಇದು ನಮ್ಮ ‘ಅಬ್ಬೆ’, ಅತ್ತಿಮಬ್ಬೆಯ ಅಬ್ಬೆ, ತಾಯಿ, ಅನ್ನುತ್ತಾರೆ ಅಂತ ನನಗೆ ಗೊತ್ತು. ದಯವಿಟ್ಟು ಬೇಡ. ಅಬ್ಬೆಸ್ ಬಂದದ್ದು ಅರಾಮಿಕ್ಕಿನ ‘ಅಬ್ಬಾ’ದಿಂದ. ಅಬ್ಬಾ ಅಂದರೆ ತಂದೆ. ಅದರಿಂದ ಮಠದ ಹಿರಿಯ ‘ಅಬ್ಬಾಸ್’ (ಇಂಗ್ಲಿಷಿನ ಅಬ್ಬಟ್), ಅದಕ್ಕೆ ಹೆಣ್ಣಿನ ಬಾಲ ಹಚ್ಚಿ ‘ಅಬ್ಬಾಟಿಸ್ಸ’. ಅಂದರೆ ಅಕ್ಷರಶಃ ‘ಅಪ್ಪಿ’ ಅಂದ ಹಾಗಾಯಿತು, ಅಪ್ಪನ ಸ್ತ್ರೀಲಿಂಗ. ಉತ್ತರ ಕರ್ನಾಟಕದವರು ಮಠದ ಸ್ವಾಮಿಗಳನ್ನು ‘ಅಪ್ಪಾವ್ರು’ ಅನ್ನುವುದು ನೆನಪಾಗಿ ಸಮಾಧಾನವಾಯಿತು. ಅಬ್ಬಟ್‌ಗೆ ಅದಕ್ಕಿಂತ ಒಳ್ಳೆ ಕನ್ನಡ ಇಲ್ಲ. ಅಬ್ಬೆಸ್‌ಗೆ ಏನು? ‘ಮಠಾಧ್ಯಕ್ಷೆ’ ಅಂದರೆ ಸೊಸೈಟಿ ಚುನಾವಣೆಯ ವಾಸನೆ. ‘ಅಮ್ಮನವರು’ ಹತ್ತಿರ ಬರುತ್ತದೆ. ಆದರೆ 7ನೇ ಶತಮಾನದ ಇಂಗ್ಲೆಂಡಿನ ಹಿಲ್ಡಾಳಂಥವರಿಗೆ ಅದು ಸಾಲದು ಅನ್ನಿಸುತ್ತದೆ. ವ್ಹಿಟ್‌ಬಿ ಊರಿನ ಮಠದಲ್ಲಿ ಆಕೆಯ ಕೈಕೆಳಗೆ ಹೆಂಗಸರೂ ಇದ್ದರು, ಗಂಡಸರೂ ಇದ್ದರು. ಈಸ್ಟರ್ ಯಾವ ದಿನ ಅನ್ನುವ ಜಗಳ ತೀರಿಸಲು 664ರಲ್ಲಿ ರಾಜನೂ ಬಿಷಪ್‌ಗಳೂ ಸೇರಿದ್ದು ಆಕೆಯ ಮಠದಲ್ಲೇ. ಅಂಥವಳಿಗೆ ‘ಹೆಣ್ಣಪ್ಪ’ ಅಂದರೂ ಸರಿಯೇ.

ಜರ್ಮನಿಯ ಬಿಂಗೆನ್‌ನ ಹಿಲ್ಡೆಗಾರ್ಡ್ (1098-1179) ಮಾತ್ರ ಬೇರೆ ಹೆಸರಿನವಳು. ಜೊತೆಯವರು ಆಕೆಯನ್ನು 1136ರಲ್ಲಿ ಆರಿಸಿದ್ದು ‘ಮಜಿಸ್ತ್ರಾ’ ಆಗಿ. ಅಂದರೆ ಗುರು, ಟೀಚರ್. ‘ಗುರುಮಾತೆ’ ಬೇಡ, ‘ಒಡತಿ’ ಬೇಡ. ‘ಗುರು’ ಅಂತಲೇ ಬಿಟ್ಟಿದ್ದೇನೆ, ಕನ್ನಡದಲ್ಲಿ ಗುರುವಿಗೆ ಲಿಂಗ ಬೇಕಿಲ್ಲ. ಈಕೆ ತಾನೇ ಒಂದು ಭಾಷೆಗೆ ಸುಮಾರು 1000 ಪದ ಹುಟ್ಟಿಸಿ ಪಟ್ಟಿ ಮಾಡಿಟ್ಟವಳು. ಹೆಚ್ಚಿನವು ನಾಮಪದ. ದೇವರಿಂದ ಶುರುವಾಗಿ ಮನುಷ್ಯರು, ರೋಗ, ಬಟ್ಟೆ, ಗಿಡ, ಹುಳುಗಳವರೆಗೂ ಇಳಿಯುತ್ತದೆ. ಯಾಕೆ ಮಾಡಿದಳೋ! ನಮ್ಮಂತೆ ಪದದ ಹುಚ್ಚು ಇರಬೇಕು.

ಅವಳ ಇಷ್ಟದ ಪದ ‘ವಿರಿದಿತಾಸ್’. ಇಂಗ್ಲಿಷಿನವರು ಅದನ್ನು ಹಸಿರುಬಣ್ಣ ಅಂತ ತಂದು, ಆಮೇಲೆ ಅರ್ಧ ಪುಟ ವಿವರಣೆ ಬರೆಯುತ್ತಾರೆ. ಅವಳಿಗೆ ಅದು ಬಣ್ಣವಲ್ಲ. ಗಿಡದೊಳಗೆ ಏರುವ ರಸ, ದೇಹದ ಚೈತನ್ಯ, ಆತ್ಮ ಒಣಗದೆ ಇರುವುದು. ಅದರ ಎದುರು ನಿಲ್ಲುವುದು ‘ಅರಿದಿತಾಸ್’, ಒಣಗುವುದು. ಇಲ್ಲಿ ಕನ್ನಡಕ್ಕೆ ಬೆವರು ಸುರಿಸುವ ಕೆಲಸವೇ ಇಲ್ಲ. ಹಸಿರು, ಹಸಿ ಎರಡೂ ಒಂದೇ ಮನೆಯವು. ಹಸಿ ಕಟ್ಟಿಗೆ, ಹಸಿ ನೆಲ, ಹಸಿ ಬಾಣಂತಿ, ಹಸಿ ಗಾಯ. ಬಣ್ಣ, ನೀರು, ಜೀವ, ಹೊಸತನ ಎಲ್ಲ ಎರಡಕ್ಷರದಲ್ಲಿ. ಎದುರಿಗೆ ‘ಒಣ’. ವಿರಿದಿತಾಸ್‌ಗೆ ‘ಹಸಿತನ’ ಅಂತ ಬರೆದೆ. 12ನೇ ಶತಮಾನದ ಜರ್ಮನ್ ಗುರುವಿಗೆ ಕನ್ನಡ ಹೇಳಿ ಮಾಡಿಸಿದ ಹಾಗಿದೆ. ಇದಕ್ಕೆ ಆಕ್ಷೇಪ ಇದ್ದರೆ ಮಾತ್ರ ನಾನು ಸುಲಭಕ್ಕೆ ಬಗ್ಗುವುದಿಲ್ಲ.

ಸಣ್ಣಪುಟ್ಟ ತೊಡಕುಗಳು ಇನ್ನೂ ಇವೆ. ಆವಿಲಾದ ತೆರೇಸಾಳ ಕಾರ್ಮೆಲ್ ಪಂಥದವರಿಗೆ ‘ಚಪ್ಪಲಿ ತೊಡದವರು’ ಅಂತ ಅಡ್ಡಹೆಸರು, ಆದರೆ ಅವರು ಹಗ್ಗದ ಅಟ್ಟೆಯ ಚಪ್ಪಲಿ ತೊಡುತ್ತಿದ್ದರು. ‘ಬರಿಗಾಲಿನ’ ಅಂತ ಬರೆದು ಸುಮ್ಮನಾಗಿದ್ದೇನೆ. ನೋವಿಸ್ ಅಂದರೆ ಹೊಸಬಳು, ಇನ್ನೂ ವ್ರತ ಕೊಟ್ಟಿಲ್ಲದವಳು. ‘ನವದೀಕ್ಷಿತೆ’ ಅಂತ ಹಲವರು ಬರೆಯುತ್ತಾರೆ, ಆದರೆ ದೀಕ್ಷೆ ಆಗಿದ್ದರೆ ನೋವಿಸ್ ಅಲ್ಲವೇ ಅಲ್ಲ. ಮೆಕ್ಸಿಕೋದ ಸನ್ಯಾಸಿನಿ ಕವಿ ಹುವಾನಾ ಇನೆಸ್ ಹೆಸರಿನ ಮುಂದೆ ಸ್ಪಾನಿಷ್‌ನಲ್ಲಿ ‘ಸೋರ್’ ಅಂತ ಇದೆ, ಸೋದರಿ ಅಂತ ಅರ್ಥ. ಹಾಗೇ ಉಳಿಸಿದರೆ ಕನ್ನಡದಲ್ಲಿ ಮಾಳಿಗೆ ಸೋರುತ್ತದೆ. ಆಕೆ ಓದುವುದನ್ನು ಆಕ್ಷೇಪಿಸಿ 1690ರಲ್ಲಿ ಪುಯೆಬ್ಲಾದ ಬಿಷಪ್ ಬರೆದ ಪತ್ರಕ್ಕೆ ಆತ ಹಾಕಿದ ಸಹಿ ‘ಸೋದರಿ ಫಿಲೋತೆಯಾ’. ಗಂಡಸು, ಸನ್ಯಾಸಿನಿಯ ವೇಷ! ಫಿಲೋತೆಯಾ ‘ಬರೆದಳು’ ಅನ್ನಲೋ ‘ಬರೆದನು’ ಅನ್ನಲೋ? ಇಲ್ಲಿ ನಮ್ಮ ಬಹುವಚನ ಕಾಪಾಡಿತು. ‘ಬರೆದರು’ ಅಂದೆ. ಮರ್ಯಾದೆಯೂ ಆಯಿತು, ಗುಟ್ಟೂ ಉಳಿಯಿತು. ಹುವಾನಾ 1691ರಲ್ಲಿ ಕೊಟ್ಟ ಉತ್ತರದಲ್ಲಿ ಆ ವೇಷವನ್ನು ಹಾಗೇ ಇಟ್ಟುಕೊಂಡೇ ಹೆಣ್ಣು ಯಾಕೆ ಓದಬೇಕು ಅಂತ ಒಂದೊಂದಾಗಿ ಹೇಳಿದಳು.

ಉಳಿದದ್ದು ‘ಮದರ್’. ಕಲ್ಕತ್ತದ ತೆರೇಸಾರನ್ನು ನಾವು ‘ತಾಯಿ ತೆರೇಸಾ’ ಅನ್ನುವುದಿಲ್ಲ, ಮದರ್ ಅಂತಲೇ ಅನ್ನುತ್ತೇವೆ. ಅದು ಬರೀ ಪ್ರೀತಿಯ ಹೆಸರಲ್ಲ. 1937ರಲ್ಲಿ ಕೊನೆಯ ವ್ರತ ತೆಗೆದುಕೊಂಡಾಗ ಲೊರೆಟೊ ಸಭೆಯ ರೂಢಿಯಂತೆ ಸಿಸ್ಟರ್ ಇದ್ದವರು ಮದರ್ ಆದರು. ಆಗ ಅವರಿನ್ನೂ ಕಾನ್ವೆಂಟಿನಲ್ಲಿ (ಎರಡೂ ಅರ್ಥದಲ್ಲಿ!) ಪಾಠ ಹೇಳುತ್ತಿದ್ದ ಟೀಚರ್. ತೆರೇಸಾ ಅನ್ನೋ ಹೆಸರು ಇಟ್ಟುಕೊಂಡದ್ದು ಲಿಸ್ಯೂವಿನ ಈ ಹುಡುಗಿಯ ನೆನಪಿಗೇ.

ಆ ಹುಡುಗಿಯ ಹತ್ತಿರವೇ ನನ್ನ ದೊಡ್ಡ ಪ್ರಶ್ನೆ ಇರುವುದು. ಐದು ಜನ ಅಕ್ಕತಂಗಿಯರಲ್ಲಿ ತೆರೇಸಾ ಕೊನೆಯವಳು. 1877ರಲ್ಲಿ ಅಮ್ಮ ಹೋದಾಗ ಅವಳಿಗೆ ನಾಲ್ಕು ವರ್ಷ. ಅಕ್ಕ ಪೌಲೀನಳಿಗೆ ಇನ್ನು ನೀನೇ ಅಮ್ಮ ಅಂದಳು. 1882ರಲ್ಲಿ ಆ ಅಕ್ಕ ಕಾರ್ಮೆಲ್ ಮಠಕ್ಕೆ ಹೋಗಿಬಿಟ್ಟಳು, ಸಿಸ್ಟರ್ ಆಗ್ನೆಸ್ ಆದಳು. 1893ರಲ್ಲಿ ಮಠದ ಹಿರಿಯಳಾಗಿ ಆಯ್ಕೆಯಾಗಿ ಮದರ್ ಆಗ್ನೆಸ್ ಆದಳು. ಬಾಲ್ಯದ ನೆನಪು ಬರೆ ಅಂತ ತೆರೇಸಾಗೆ ಅಪ್ಪಣೆ ಕೊಟ್ಟವಳು ಈಕೆಯೇ. ತೆರೇಸಾ ಆ ಬರಹವನ್ನು ಶುರು ಮಾಡುವುದು ಅಕ್ಕನನ್ನೇ ಕರೆದು: ಪ್ರೀತಿಯ ತಾಯಿ, ನನಗೆ ಎರಡು ಸಲ ತಾಯಿಯಾದವಳು ಅನ್ನುವ ಅರ್ಥದಲ್ಲಿ. ಅದೂ ಫ್ರೆಂಚಿನ ‘ನೀವು’ ಹಾಕಿ. ಸ್ವಂತ ಅಕ್ಕನಿಗೆ ನೀವು.

ಕನ್ನಡದಲ್ಲಿ ನಾನು ಏನು ಬರೆಯಲಿ? ‘ಅಕ್ಕಾ’ ಅಂದರೆ ಅಕ್ಕಮಹಾದೇವಿಯವರೆಗೂ ಹೋಗುವ ಮರ್ಯಾದೆ ಅದರಲ್ಲಿದೆ, ಆದರೆ ‘ಎರಡು ಸಲ ತಾಯಿ’ ಕಳೆದುಹೋಗುತ್ತದೆ. ‘ಮದರ್’ ಅಂದರೆ ಮನೆಯ ಬಿಸಿ ಇರುವುದಿಲ್ಲ. ‘ಮಾತೆ’ ಅಂದರೆ ಭಜನೆ. ಸದ್ಯಕ್ಕೆ “ಪ್ರೀತಿಯ ಅಮ್ಮಾ, ನೀವು” ಅಂತ ಬರೆದು ಕರಡು ಕಳಿಸಿದ್ದೆ. ನಿನ್ನೆ ವಾಪಸ್ ಬಂತು. ಗೆಳತಿ ಮತ್ತೆ ಅಂಚಿನಲ್ಲಿ ಬರೆದಿದ್ದಾಳೆ: “ಅಮ್ಮ ಆಗಲೇ ತೀರಿಕೊಂಡರಲ್ಲ?”